ಹಳೇ ಸ್ಟಿಲ್ 070 ಮರ ಕೊಯ್ಯೋ ಮಷಿನ್ ರಿಪೇರಿ, ಸಾಮಾನು ಎಲ್ಲಿ ಸಿಗತ್ತೆ? ಫೋಂಡಾ, ಗೋವಾ

ಕುಳಾಗರ_ಫೋಂಡಾ

ಎಲ್ಲರಿಗೂ ನಮಸ್ಕಾರ. ಮೂಲ ಶಿರಸಿ ಕಡೆಯವರು ನಾವು, ಈಗ ಫೋಂಡಾ ಹತ್ರ ಸಾವೊಯ್ ವೆರೆಂ ಕಡೆ ಚಿಕ್ಕದೊಂದು ಕುಳಾಗರ ಇದೆ, ಅಡಿಕೆ ತೆಂಗು ಮೆಣಸು, ಬೇಲಿಗುಂಟ ಹಲಸು ಮಾವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಗೋವಾದಲ್ಲಿ ಎಷ್ಟು ಮರ ಬಿತ್ತು ಅಂತ ಇಲ್ಲಿರೋರಿಗೆ ಗೊತ್ತೇ ಇದೆ, ಆಗ ಮಷಿನ್‌ನೋರು ಯಾರೂ ಸಿಗದೆ ತೋಟದ ದಾರಿ ವಾರಗಟ್ಲೆ ಬಂದ್ ಆಗಿತ್ತು, ಅವತ್ತಿಂದ ಮನೇಲೊಂದು ಮಷಿನ್ ಇರ್ಲೇಬೇಕು ಅಂತ ತಲೇಲಿತ್ತು. ಈ ಸಲ ಊರಿಗೆ ಹೋದಾಗ ದೊಡ್ಡಪ್ಪನ ಮನೆ ಅಟ್ಟದಲ್ಲಿದ್ದ ಸ್ಟಿಲ್ 070 ಎತ್ಕೊಂಡು ಬಂದೆ. ಒಂದು ಕಾಲದಲ್ಲಿ ಊರಿನ ಅರ್ಧ ನಾಟಾ ಕೊಯ್ದ ಮಷಿನ್ ಅದು, ಬರೀ ಎಂಜಿನ್ನೇ ಹತ್ತು ಕೆಜಿ ಮೇಲಿದೆ.

ಈಗ ಪ್ರಾಬ್ಲಂ ಹೇಳ್ತೀನಿ. ತಣ್ಣಗಿದ್ದಾಗ ಹಗ್ಗ ಎಳೆದ್ರೆ ಶುರು ಆಗತ್ತೆ, ಆದ್ರೆ ಐಡಲ್ ನಿಲ್ಲಲ್ಲ, ಆಕ್ಸಲೇಟರ್ ಮುಟ್ಟದೇ ಇದ್ರೂ ಕಿರುಚಿಕೊಂಡು ಮೇಲೆ ಹೋಗತ್ತೆ, ಬಿಸಿ ಆಯ್ತು ಅಂದ್ರೆ ಆಫ್, ಮತ್ತೆ ಪೂರ್ತಿ ತಣ್ಣಗಾಗೋ ತನಕ ಉಸಿರೇ ಇಲ್ಲ. ಕಾರ್ಬೊರೇಟರಿನ ಎಲ್ ಸ್ಕ್ರೂ, ಅಂದ್ರೆ ಐಡಲ್ಲಿಗೆ ಪೆಟ್ರೋಲ್ ಬಿಡೋ ಸ್ಕ್ರೂ, ಎಷ್ಟು ತಿರುಗಿಸಿದ್ರೂ ವ್ಯತ್ಯಾಸ ಕಾಣಲ್ಲ. ಸೈಲೆನ್ಸರ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಪಿಸ್ಟನ್ ಮೇಲೆ ಮೇಲಿಂದ ಕೆಳಗೆ ಗೀರು ಗೀರು ಇದೆ. ಪೆಟ್ರೋಲ್ ಪೈಪ್ ಮುಟ್ಟಿದ್ರೆ ಪುಡಿಯಾಗತ್ತೆ. ಮಡಗಾಂವಲ್ಲಿ ಒಂದು ಅಂಗಡೀಲಿ ಕೇಳಿದ್ರೆ ಮುಖ ನೋಡದೇನೇ ಇದರ ಸಾಮಾನು ಬರಲ್ಲ ಹೊಸದು ತಗೊಳ್ಳಿ ಅಂದುಬಿಟ್ರು.

ಪಿಸ್ಟನ್ ಸಿಲಿಂಡರ್ ಸೆಟ್ ಎಲ್ಲಿ ಸಿಗಬಹುದು? ಮುಂಬೈ ಪುಣೆ ಕಡೆಯವರು ಇದ್ರೆ ಹೇಳಿ. ಇದಕ್ಕೆ ದುಡ್ಡು ಹಾಕೋದು ಸರೀನಾ ಅಂತಾನೂ ಹೇಳಿ. ನನಗೆ ಮನಸ್ಸಿರೋದು ಇದನ್ನೇ ಸರಿ ಮಾಡ್ಬೇಕು ಅಂತ.

ಭೋಸರಿ_ಲೇಥ್

ನಮಸ್ಕಾರ್ರಿ. ನಾ ಗದಗ ಕಡೆಯಾಂವ, ಪುಣೆದಾಗ ಭೋಸರಿ ಎಂಐಡಿಸಿ ಒಳಗ ಲೇಥ್ ಕೆಲಸ, ಹಳೇ ಟೂ ಸ್ಟ್ರೋಕ್ ಎಂಜಿನ್ ಅಂದ್ರ ಜೀವ. ದುಡ್ಡು ಹಾಕೂದು ಖರೇನ ಸರಿ ಐತಿ, ಇದು 106 ಸಿಸಿ ಮಷಿನ್ರಿ, 58 ಎಂಎಂ ಬೋರ್, 40 ಎಂಎಂ ಸ್ಟ್ರೋಕ್, ದಪ್ಪ ಹಲಸಿನ ಬುಡ ಕೊಯ್ಯಾಕ ಈಗಿನ ಸಣ್ಣ ಮಷಿನ್ ಇದರ ಮುಂದ ನಿಲ್ಲಂಗಿಲ್ಲ. ಆದ್ರ ಪಿಸ್ಟನ್ ಈಗ ಆರ್ಡರ್ ಮಾಡಬ್ಯಾಡ್ರಿ. ಮೊದಲ ಗಾಳಿ ಎಲ್ಲಿಂದ ಎಳಿಯಾಕತ್ತೈತಿ ಅಂತ ಹುಡುಕ್ರಿ.

ನೀವು ಬರ್ದಿದ್ದು ನೋಡ್ರಿ, ಐಡಲ್ ನಿಲ್ಲಂಗಿಲ್ಲ, ತಾನಾ ಮ್ಯಾಲ ಹೋಗ್ತೈತಿ, ಸ್ಕ್ರೂ ತಿರುವಿದ್ರ ಫರಕ ಇಲ್ಲ, ಇವು ಮೂರೂ ಕೂಡಿದ್ರ ನೂರಕ್ಕ ತೊಂಬತ್ತು ಪಾಲು ಏರ್ ಲೀಕ್. ಟೂ ಸ್ಟ್ರೋಕ್ ಒಳಗ ಕ್ರ್ಯಾಂಕ್‌ಕೇಸ್ (ಸಿಲಿಂಡರ್ ಕೆಳಗಿನ ಡಬ್ಬಿ) ಅನ್ನೋದ ಒಂದು ಪಂಪು, ಪೆಟ್ರೋಲ್ ಎಣ್ಣಿ ಗಾಳಿ ಎಲ್ಲಾ ಅದರ ಮೂಲಕನ ಹಾದು ಮ್ಯಾಲ ಹೋಗಬೇಕು. ಕ್ರ್ಯಾಂಕ್ ಸೀಲ್, ಅಂದ್ರ ಶಾಫ್ಟ್ ಸುತ್ತಿನ ರಬ್ಬರ್ ಉಂಗುರ, ಹರದಿದ್ರ ಅಲ್ಲಿಂದ ಬರೇ ಗಾಳಿ ಒಳಗ ಬರ್ತೈತಿ, ಮಿಕ್ಸ್ಚರ್ ಲೀನ್ ಆಗ್ತೈತಿ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮಿ), ಪೆಟ್ರೋಲ್ ಕಡಿಮಿ ಅಂದ್ರ ಅದರ ಕೂಡ ಬರೂ ಎಣ್ಣಿನೂ ಕಡಿಮಿ, ಕಾವು ಏರತೈತಿ, ಪಿಸ್ಟನ್ನಿನ ಅಲ್ಯುಮಿನಿಯಂ ಸಿಲಿಂಡರ್ ಗ್ವಾಡಿಗೆ ಮೆತ್ತಿಕೊಳ್ತೈತಿ. ನೀವು ನೋಡಿದ ಗೀರು ಅದ. ಸೀಲ್ ಹಂಗ ಬಿಟ್ಟು ಹೊಸಾ ಪಿಸ್ಟನ್ ಹಾಕಿದ್ರ ಅದೂ ಒಂದ ಟಾಕಿ ಪೆಟ್ರೋಲಿಗೆ ಹಿಂಗ ಆಗ್ತೈತಿ, ಇಂಥ ಕೇಸ್ ನನ್ನ ಹಂತ್ಯಾಕ ಭಾಳ ಬರ್ತಾವ.

ಲೀಕ್ ಹುಡುಕಾಕ ದೊಡ್ಡ ಸಾಮಾನು ಬೇಕಾಗಿಲ್ಲ. ಮನ್ಯಾಗ ಹಳೇ ಕೈ ಪಂಪಿನ ಬಿಪಿ ನೋಡೂ ಸಾಧನ ಇದ್ರ ಸಾಕು, ರಬ್ಬರ್ ಬಲ್ಬು ಮೀಟರು ಎರಡೂ ಅದರಾಗ ಇರ್ತಾವ. ಸೈಲೆನ್ಸರ್ ತಗದು ಅಲ್ಲಿ ಸೈಕಲ್ ಟ್ಯೂಬಿನ ತುಂಡು ಇಟ್ಟು ಮ್ಯಾಲ ಪಟ್ಟಿ ಬಿಗೀರಿ. ಕಾರ್ಬೊರೇಟರ್ ತಗದು ಅಲ್ಲೂ ಹಂಗ ಮಾಡ್ರಿ. ಒಂದು ಹಳೇ ಪ್ಲಗ್ಗಿನ ಪಿಂಗಾಣಿ ಒಡದು ತಗದು ಒಳಗ ಸಣ್ಣ ನಿಪ್ಪಲ್ ಹಚ್ಚಿ ಎಂ-ಸೀಲ್ ಹಾಕಿ, ಅದಕ್ಕ ಬಿಪಿ ಪೈಪ್ ಸಿಗಿಸ್ರಿ. ಪಿಸ್ಟನ್ ಪೂರ್ತಿ ಕೆಳಗ ಇರಲಿ, ಅಂದ್ರ ಸಿಲಿಂಡರ್ ಕ್ರ್ಯಾಂಕ್‌ಕೇಸ್ ಎರಡೂ ಒಂದ ಕೋಣಿ ಆಗ್ತಾವ. ಈಗ ಮೀಟರ್ 300 ತನಕ ಏರಸ್ರಿ, ಅದು ಸುಮಾರು 0.4 ಬಾರ್, ಈ ಕೆಲಸಕ್ಕ ಬೇಕಾದಷ್ಟ. ಮುಳ್ಳು ಇಳದ್ರ ಸೋಪಿನ ನೀರು ಹಚ್ಚಿ ನೋಡ್ರಿ, ಫ್ಲೈವೀಲ್ ಹಿಂದಿನ ಸೀಲ್, ಕ್ಲಚ್ ಹಿಂದಿನ ಸೀಲ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರ್ ಕೂಡೂ ಜಾಗ. ಗುಳ್ಳಿ ಎಲ್ಲಿ ಎದ್ದಾವ ಅಲ್ಲೇ ರೋಗ. ಕೆಲವು ಸೀಲ್ ಒತ್ತಿದಾಗ ಸುಮ್ಮನಿದ್ದು ಎಳದಾಗಷ್ಟ ಲೀಕ್ ಆಗ್ತಾವ, ಗ್ಯಾರೇಜ್‌ದಾಗ ಬ್ರೇಕ್ ಬ್ಲೀಡ್ ಮಾಡೂ ಕೈ ವ್ಯಾಕ್ಯೂಮ್ ಪಂಪ್ ಸಿಕ್ಕರ ಅದರಿಂದನೂ ನೋಡ್ರಿ.

ಫ್ಲೈವೀಲ್ ತಗಿಬೇಕಂದ್ರ ಪ್ಲಗ್ ತೂತಿನಾಗ ಹಗ್ಗ ತುಂಬಿ ಪಿಸ್ಟನ್ ತಡೀರಿ, ಪುಲ್ಲರ್ ಹಾಕಿ ತಗೀರಿ, ಸ್ಕ್ರೂಡ್ರೈವರ್ ಹಾಕಿ ಮೀಟಬ್ಯಾಡ್ರಿ, ಕ್ರ್ಯಾಂಕ್‌ಕೇಸ್ ಮ್ಯಾಗ್ನೀಸಿಯಂ ಇರ್ತೈತಿ, ಸೀಳತೈತಿ. ಕ್ಲಚ್ ಕಡೆ ಸಾಮಾನ್ಯವಾಗಿ ಎಡಗೈ ಥ್ರೆಡ್, ಉಲ್ಟಾ ತಿರುವಬೇಕು.

ಸಿಲಿಂಡರ್ ಬಗ್ಗೆ: ಗೀರು ಕಂಡ ಕೂಡ್ಲೆ ಹೋತು ಅನಬ್ಯಾಡ್ರಿ. ಭಾಳ ಸಲ ಸಿಲಿಂಡರ್ ಕ್ರೋಮ್ ಚಲೋನ ಇರ್ತೈತಿ, ಮ್ಯಾಲ ಪಿಸ್ಟನ್ನಿನ ಅಲ್ಯುಮಿನಿಯಂ ಹತ್ತಿರ್ತೈತಿ ಅಷ್ಟ. ಟಾಯ್ಲೆಟ್ ತೊಳಿಯೂ ಆಸಿಡ್, ಮ್ಯುರಿಯಾಟಿಕ್ ಅಂತಾರಲ್ಲ, ಕಿವಿ ಕಡ್ಡಿಯ ಹತ್ತಿಗೆ ಒಂದ ಹನಿ ತಗೊಂಡು ಆ ಕಲೆ ಮ್ಯಾಲಷ್ಟ ಹಚ್ಚರಿ. ಅಲ್ಯುಮಿನಿಯಂ ಇದ್ರ ಬುಸ್ ಅಂತ ನೊರಿ ಬರ್ತೈತಿ, ನೊರಿ ನಿಂತ್ರ ಅಲ್ಯುಮಿನಿಯಂ ತೀರ್ತು. ಪೋರ್ಟಿನ (ಸಿಲಿಂಡರ್ ಗ್ವಾಡಿಯ ಕಿಂಡಿಯ) ಅಂಚಿಗೆ ಹಚ್ಚಬ್ಯಾಡ್ರಿ, ಅಲ್ಲಿ ಕ್ರೋಮ್ ಮುಗದು ಕೆಳಗಿನ ಲೋಹ ಬಯಲಿಗೆ ಇರ್ತೈತಿ, ತಿಂದು ಬಿಡ್ತೈತಿ. ಸಿಲಿಂಡರ್ ಬಿಚ್ಚಿ ಬ್ಯಾರೆ ಇಟ್ಟ ಈ ಕೆಲಸ ಮಾಡ್ರಿ, ಕ್ರ್ಯಾಂಕ್‌ಕೇಸ್ ಹತ್ರ ಆಸಿಡ್ ಒಯ್ಯಬ್ಯಾಡ್ರಿ, ಕೈಗೆ ಗ್ಲೌಸ್, ಕಣ್ಣಿಗೆ ಚಷ್ಮಾ, ಹೊರಗ ಗಾಳ್ಯಾಗ ಕೂತು ಮಾಡ್ರಿ. ಆಮ್ಯಾಲ ನೀರಾಗ ತೊಳದು ಎಣ್ಣಿ ಹಚ್ಚಿ ಉಗುರು ಆಡಸ್ರಿ, ಉಗುರು ಎಲ್ಲೂ ತಡೀಲಿಲ್ಲಂದ್ರ ಸಿಲಿಂಡರ್ ಉಳೀತು, ಬರೇ ಪಿಸ್ಟನ್ ರಿಂಗ್ ಸಾಕು.

ಪಾರ್ಟ್ ನಂಬರ್ ಓದೂದು ಕಲ್ತ್ರ ಅಂಗಡ್ಯಾಗ ಯಾರೂ ನಿಮ್ಮನ್ನ ಹಿಂದಕ ಕಳಸಂಗಿಲ್ಲ. 070, ಇದರ ದೊಡ್ಡಣ್ಣ 090, ಎರಡರ ಸಾಮಾನೂ 1106 ಅಂತ ಶುರು ಆಗ್ತಾವ. ಆದ್ರ ಪಾರ್ಟ್ಸ್ ಚಾರ್ಟಿನಾಗ 9ರಿಂದ ಶುರು ಆಗೂ ನಂಬರ್ ಅದಾವಲ್ಲ, 9503 ಬೇರಿಂಗ್, 9640 ಆಯಿಲ್ ಸೀಲ್ ಅಂತ, ಅವೆಲ್ಲಾ ಸ್ಟ್ಯಾಂಡರ್ಡ್ ಮಾಲು, ಆ ಮಷಿನ್ ಸಲುವಾಗಷ್ಟ ಮಾಡಿದ್ದಲ್ಲ. ಅಂಥಾವು ಬೇರಿಂಗ್ ಅಂಗಡ್ಯಾಗ ಅಳತಿ ಮ್ಯಾಲ ಸಿಗ್ತಾವ. ನಿಮಗ ಈಗ ಬೇಕಾಗಿದ್ದು ಬಹುಶಃ ಇಂಥಾವ.

ವಾಸ್ಕೋ_ಹುಬ್ಬಳ್ಳಿ

ಇಷ್ಟೆಲ್ಲಾ ಯಾಕ್ರಿ, ಆನ್‌ಲೈನ್‌ನಲ್ಲಿ 070 ಅಂತಾನೇ ಚೈನಾ ಮಷಿನ್ ಇಡೀದು ಬರ್ತಾವಲ್ಲ, ಅದನ್ನ ತಗೊಂಡು ಕೆಲಸ ಮುಗಿಸಿ. ಹಳೇದು ಅಟ್ಟದ ಮ್ಯಾಲ ಇರ್ಲಿ.

ಭೋಸರಿ_ಲೇಥ್

ಚೈನಾ ನಕಲು ಬರ್ತೈತಿ ಅನ್ನೂದು ಖರೆ, ಮತ್ತ ಅದರಿಂದ ಇವರಿಗೆ ಲಾಭನೂ ಐತಿ, ಆದ್ರ ಬ್ಯಾರೆ ರೀತಿಲೆ. ಅಷ್ಟು ನಕಲು ಮಾರ್ತಾರ ಅಂತನ 070ಕ್ಕ ಪಿಸ್ಟನ್, ಸಿಲಿಂಡರ್, ಗ್ಯಾಸ್ಕೆಟ್, ಸ್ಟಾರ್ಟರ್ ಸ್ಪ್ರಿಂಗ್ ಇವತ್ತಿಗೂ ಸಿಗ್ತಾವ, ಬ್ಯಾರೆ ಹಳೇ ಮಷಿನ್‌ಗೆ ಈ ಭಾಗ್ಯ ಇಲ್ಲ. ಹಳೇ ಜರ್ಮನ್ ಎರಕದ ಕ್ರ್ಯಾಂಕ್‌ಕೇಸ್ ಕ್ರ್ಯಾಂಕ್ ಇಟಗೊಂಡು ಸವಿಯೂ ಸಾಮಾನಷ್ಟ ನಕಲಿಂದ ತಗೊಂಡ್ರ ಚಲೋ ಮಷಿನ್ ಆಗ್ತೈತಿ. ನಕಲು ಕಿಟ್ ಬಂದ್ರ ಹಂಗ ಹಾಕಬ್ಯಾಡ್ರಿ. ಪೋರ್ಟಿನ ಅಂಚು ಚೂಪ ಇದ್ರ ಸಣ್ಣ ಎಮರಿಲೆ ಸವರ್ರಿ, ಇಲ್ಲಂದ್ರ ರಿಂಗ್ ಸಿಗಬೀಳ್ತೈತಿ. ರಿಂಗ್ ಒಂದನ್ನ ಸಿಲಿಂಡರ್ ಒಳಗ ನೇರ ಕೂಡಿಸಿ ಬಾಯಿ ಗ್ಯಾಪ್ ಫೀಲರ್ ಹಾಕಿ ನೋಡ್ರಿ, 58 ಎಂಎಂಗೆ 0.2 ರಿಂದ 0.3 ನಡುವ ಇದ್ರ ಸರಿ. ಪಿಸ್ಟನ್ ಬಾಣ ಸೈಲೆನ್ಸರ್ ಕಡೆ. ಮತ್ತ ಕಿಟ್ಟಿನ ಜೋಡಿ ಬರೂ ಸರ್ಕ್ಲಿಪ್ (ಪಿಸ್ಟನ್ ಪಿನ್ ಹಿಡಿಯೂ ತಂತಿ ಉಂಗುರ) ಬಿಸಾಕಿ ಒಳ್ಳೇ ಸರ್ಕ್ಲಿಪ್ ತಗೋರಿ, ಅದು ಒಂದು ಜಾರಿತಂದ್ರ ಸಿಲಿಂಡರ್ ಸೀಳಿ ಹಾಕ್ತೈತಿ. ಸರ್ಕ್ಲಿಪ್ ಬಾಯಿ ಮ್ಯಾಲ ಅಥವಾ ಕೆಳಗ ಇರಬೇಕು, ಬಾಜೂಕ ಬ್ಯಾಡ.

ಕುರ್ಲಾ_ಕುಡ್ಲ

ಭೋಸರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮುಂಬೈ ಕುರ್ಲಾದಲ್ಲಿ ಇರುವುದು, ಊರು ಬಂಟ್ವಾಳ. ಸೀಲ್ ಬೇರಿಂಗ್ ವಿಷಯಕ್ಕೆ ನೀವು ತಲೆ ಬಿಸಿ ಮಾಡುವುದೇ ಬೇಡ ಮಾರಾಯ್ರೆ, ಮಸೀದಿ ಬಂದರ್ ಹತ್ತಿರ ನಾಗದೇವಿ ಸ್ಟ್ರೀಟ್ ಅಂತ ಉಂಟಲ್ಲ, ಕ್ರಾಫರ್ಡ್ ಮಾರ್ಕೆಟಿನಿಂದ ನಡೆದು ಹೋಗುವಷ್ಟೇ ದೂರ, ಆ ಬೀದಿಯಲ್ಲಿ ಬೇರಿಂಗ್, ಬೆಲ್ಟ್, ಸೀಲ್, ಟೂಲ್ಸ್ ಬಿಟ್ಟರೆ ಬೇರೆ ಮಾತೇ ಇಲ್ಲ. ಆದರೆ ಅಲ್ಲಿ ಹೋಗಿ ಚೈನ್ ಸಾ ಸೀಲ್ ಕೊಡಿ ಅಂದರೆ ಇಲ್ಲ ಅಂತಲೇ ಹೇಳ್ತಾರೆ, ಅವರಿಗೆ ಮಷಿನ್ ಹೆಸರು ಗೊತ್ತಿಲ್ಲ, ಅಳತೆ ಗೊತ್ತು. ಶಾಫ್ಟ್ ದಪ್ಪ, ಸೀಲ್ ಕೂರುವ ಗೂಡಿನ ಅಗಲ, ಸೀಲ್ ದಪ್ಪ, ಈ ಮೂರು ನಂಬರ್ ವರ್ನಿಯರಲ್ಲಿ ನೋಡಿ ಬರೆದು ಕೊಟ್ಟರೆ ಡಬ್ಬ ತೆಗೆದು ಎದುರಿಗೆ ಇಡ್ತಾರೆ. ಎಷ್ಟೋ ಸಲ ಹಳೇ ಸೀಲಿನ ಮುಖದ ಮೇಲೆಯೇ ಅಳತೆ ಅಚ್ಚಾಗಿರ್ತದೆ, ಸೀಮೆಎಣ್ಣೆಯಲ್ಲಿ ಒರೆಸಿ ಲೆನ್ಸ್ ಹಿಡಿದು ನೋಡಿ. ಟಿಸಿ ಟೈಪ್ ಕೇಳಿ, ಅಂದರೆ ಸ್ಪ್ರಿಂಗ್ ಇರುವ ಎರಡು ತುಟಿಯ ಸೀಲ್. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವ ಕಾರಣ ಸಾಧಾರಣ ಕಪ್ಪು ರಬ್ಬರಿಗಿಂತ ವಿಟಾನ್ (ಪೆಟ್ರೋಲ್, ಬಿಸಿ ತಡೆಯುವ ರಬ್ಬರ್) ಸಿಕ್ಕಿದರೆ ಅದನ್ನೇ ತಗೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಬೇರಿಂಗ್ ಕೈಯಲ್ಲಿ ತಿರುಗಿಸುವಾಗ ಗರಗರ ಅಂದರೆ ಅದನ್ನೂ ಬದಲಿಸಿ, ನಂಬರ್ ಅದರ ಮೇಲೆಯೇ ಕೆತ್ತಿರ್ತದೆ. ಸಿ3 ಅಂತ ಇರುವುದು ಬೇಕು, ಎಂಜಿನ್ ಬಿಸಿಯಾಗುವಾಗ ಒಳಗೆ ಸ್ವಲ್ಪ ಸಡಿಲ ಬೇಕಾಗ್ತದೆ ಅದಕ್ಕೆ. ಅಂಗಡಿಯವರು ಸಾಧಾರಣದ್ದು ಕೊಟ್ಟು ಎಲ್ಲ ಒಂದೇ ಅಂತ ಹೇಳ್ತಾರೆ, ಕೇಳಬೇಡಿ.

ಇನ್ನು ಕಾರ್ಬೊರೇಟರ್. ನಿಮ್ಮದರಲ್ಲಿ ಟಿಲ್ಲಟ್ಸನ್ ಎಚ್‌ಎಲ್ ಇರಬೇಕು, ಬಾಡಿಯ ಮೇಲೆ ಎಚ್‌ಎಲ್ ಅಂತ ಒತ್ತಿ ಮುಂದೆ ನಂಬರ್ ಇರ್ತದೆ, ಅದರ ಫೋಟೋ ತೆಗೆದು ಇಟ್ಟುಕೊಳ್ಳಿ. ಕಿಟ್ ಎರಡು ತರ ಬರ್ತದೆ, ಡಿಜಿ ಅಂದರೆ ಬರೀ ಡಯಾಫ್ರಾಮ್ (ಪೆಟ್ರೋಲ್ ಪಂಪ್ ಮಾಡುವ ತೆಳು ಪೊರೆ), ಗ್ಯಾಸ್ಕೆಟ್, ಆರ್‌ಕೆ ಅಂದರೆ ಸೂಜಿ, ಸ್ಪ್ರಿಂಗ್, ಜರಡಿ ಎಲ್ಲ ಸೇರಿ. ಇಷ್ಟು ವರ್ಷ ಅಟ್ಟದಲ್ಲಿ ಇದ್ದದ್ದಕ್ಕೆ ಆರ್‌ಕೆಯೇ ತಗೊಳ್ಳಿ. ಹಳೇ ಡಯಾಫ್ರಾಮ್ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗೆ ಬಟ್ಟೆಯ ಹಾಗೆ ಬಗ್ಗಬೇಕು, ನಿಮ್ಮದು ಖಂಡಿತ ಎಕ್ಸ್‌ರೇ ಫಿಲಂ ತರ ಗಡುಸಾಗಿರ್ತದೆ, ಅದು ಪಂಪ್ ಮಾಡುವುದೇ ಇಲ್ಲ. ಬಿಚ್ಚುವಾಗ ಪ್ರತಿ ಪದರಕ್ಕೂ ಫೋಟೋ ತೆಗೀರಿ, ಗ್ಯಾಸ್ಕೆಟ್ ಮೊದಲೋ ಡಯಾಫ್ರಾಮ್ ಮೊದಲೋ ಅನ್ನುವುದು ಎರಡೂ ಬದಿಯಲ್ಲಿ ಒಂದೇ ತರ ಇರುವುದಿಲ್ಲ. ಹೊಸ ಸೂಜಿ ಕೂರಿಸಿದ ಮೇಲೆ ಸಣ್ಣ ಲಿವರ್ ಉಂಟಲ್ಲ, ಅದು ಚೇಂಬರಿನ ತಳದ ಮಟ್ಟಕ್ಕೆ ಸರಿಯಾಗಿ ಇರಬೇಕು, ಮೇಲೆ ನಿಂತರೆ ಪೆಟ್ರೋಲ್ ಉಕ್ಕುತ್ತದೆ, ಕೆಳಗೆ ಹೋದರೆ ಮತ್ತೆ ಲೀನ್.

ಹಳೇ ಮಾಡೆಲ್ ಆದರೆ ಪಾಯಿಂಟ್ ಕಂಡೆನ್ಸರ್ ಇಗ್ನಿಷನ್ (ಸ್ಪಾರ್ಕ್ ಕೊಡುವ ಹಳೇ ಪದ್ಧತಿ) ಇರಬಹುದು. ಬಿಸಿಯಾದ ಮೇಲೆ ಆಫ್ ಆಗುವುದಕ್ಕೆ ಕಂಡೆನ್ಸರ್ ಕೂಡ ಕಾರಣ ಇರ್ತದೆ, ಆಫ್ ಆದ ಕೂಡಲೇ ಪ್ಲಗ್ ತೆಗೆದು ಪೆಟ್ರೋಲ್ ಹಬೆಯಿಂದ ದೂರ ಹಿಡಿದು ಸ್ಪಾರ್ಕ್ ನೋಡಿ. ಪಾಯಿಂಟ್ ಗ್ಯಾಪ್ 0.4 ಎಂಎಂ ಹತ್ತಿರ, ಪ್ಲಗ್ ಗ್ಯಾಪ್ 0.5. ಕಂಡೆನ್ಸರ್ ಅದರದ್ದೇ ಬೇಕು ಅಂತ ಇಲ್ಲ, 0.2 ಮೈಕ್ರೋಫ್ಯಾರಡ್ ಆಸುಪಾಸಿನ ಹಳೇ ಲೂನಾ ತರದ ಗಾಡಿಯದ್ದು ಹೊಂದಿಸಬಹುದು, ಅದು ಪುಣೆ ನಾನಾ ಪೇಟೆಯ ಹಳೇ ಟೂ ವೀಲರ್ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿದರೆ ಬೇಗ ಸಿಗ್ತದೆ, ಭೋಸರಿಯವರಿಗೆ ಹತ್ತಿರ ಅಲ್ವಾ.

ಸತ್ತರಿ_ಕಾಡಂಚು

ವಾಳಪೈಯಿಂದ ಬರೀತಿದ್ದೀನಿ, ನಮ್ಮ ಕಡೆ ಹೆಚ್ಚಿನ ಮಷಿನ್ ಹಾಳಾಗೋದು ಕೆಲಸ ಮಾಡಿ ಅಲ್ಲ, ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿ ಮೂಲೇಲಿ ಇಟ್ಟು. ಈಗ ಬಂಕಲ್ಲಿ ಬರೋದು ಇ20, ನೂರಕ್ಕೆ ಇಪ್ಪತ್ತು ಎಥನಾಲ್, ಅದು ಗಾಳಿಯ ತೇವ ಹೀರತ್ತೆ, ನಮ್ಮ ಗೋವಾದ ಜೂನ್ ಜುಲೈ ಹವೆಯಲ್ಲಿ ಕೇಳೋದೇ ಬೇಡ, ನೀರು ಎಥನಾಲ್ ಸೇರಿ ಕೆಳಗೆ ಕೂತುಬಿಟ್ರೆ ಕಾರ್ಬೊರೇಟರ್ ಒಳಗೆ ಬಿಳಿ ಪುಡಿ ಕಟ್ಟತ್ತೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ನಿಲ್ಲೋ ತನಕ ಓಡಿಸಿ ಆಮೇಲೆ ಇಡಿ. ಮಿಕ್ಸ್ ಮಾಡಿದ ಪೆಟ್ರೋಲ್ ತಿಂಗಳ ಮೇಲೆ ಇಟ್ಕೋಬೇಡಿ. ಪೈಪ್ ಬದಲಿಸುವಾಗ ಅಕ್ವೇರಿಯಂ ಪೈಪ್ ಹಾಕಿಬಿಡ್ತಾರೆ ಕೆಲವರು, ಅದು ಸ್ವಲ್ಪ ದಿನಕ್ಕೇ ಗಟ್ಟಿಯಾಗಿ ಬಿರಿಯತ್ತೆ, ಫ್ಯುಯಲ್ ಪೈಪ್ ಅಂತಲೇ ಕೇಳಿ ತಗೊಳ್ಳಿ, ಟ್ಯಾಂಕ್ ಒಳಗಿನ ಫಿಲ್ಟರ್ ಕೂಡ ಹೊಸದು.

ಚೈನ್ ತಗೊಳ್ಳೋವಾಗ ಮೋಸ ಹೋಗಬೇಡಿ. 070ಕ್ಕೆ ಸಾಮಾನ್ಯವಾಗಿ ಪಾಯಿಂಟ್ 404 ಇಂಚು ಪಿಚ್ (ಕೊಂಡಿಗಳ ಅಂತರ), 1.6 ಎಂಎಂ ಗೇಜ್ (ಬಾರ್ ಅಂದ್ರೆ ಚೈನ್ ಓಡೋ ಪಟ್ಟಿ, ಅದರ ಸೀಳಲ್ಲಿ ಕೂರೋ ಕೊಂಡಿಯ ದಪ್ಪ), ಅಂಗಡೀಲಿ ಹೆಚ್ಚಿರೋದು ಮುಕ್ಕಾಲು ಪಾಲು ಮೂರು ಬೈ ಎಂಟು ಇಂಚಿನದು. ಸಾಲಾಗಿ ಮೂರು ರಿವೆಟ್ ಮಧ್ಯದ ದೂರ ಅಳೆದು ಎರಡರಿಂದ ಭಾಗಿಸಿ, 10.26 ಬಂದ್ರೆ 404, 9.5 ಬಂದ್ರೆ ಮೂರು ಬೈ ಎಂಟು. ಸ್ಪ್ರಾಕೆಟ್, ಬಾರ್ ತುದಿ, ಚೈನ್ ಮೂರೂ ಒಂದೇ ಪಿಚ್ ಇರ್ಬೇಕು. 404 ಹಲ್ಲಿಗೆ 5.5 ಎಂಎಂ ದುಂಡು ಅರ.

ಇನ್ನೊಂದು, ನಿಮ್ಮ ಮಷಿನ್‌ನಲ್ಲಿ ಮುಂದಿನ ಹ್ಯಾಂಡಲ್ ಎದುರಿಗೆ ಕೈ ತಾಗಿದ್ರೆ ಚೈನ್ ನಿಲ್ಲಿಸೋ ಬ್ರೇಕ್ ಇದೆಯಾ ಅಂತ ನೋಡ್ಕೊಳ್ಳಿ, ಆ ಕಾಲದ ದೊಡ್ಡ ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ಇರಲ್ಲ. ಇಲ್ಲಾಂದ್ರೆ ಬಾರಿನ ತುದಿ ಮರಕ್ಕೆ ತಾಗಿಸಬೇಡಿ, ಭುಜಕ್ಕಿಂತ ಮೇಲೆ ಎತ್ತಬೇಡಿ, ಹೆಲ್ಮೆಟ್ಟು ಕಾಲಿನ ಚಾಪ್ಸು (ಚೈನ್ ತಡೆಯೋ ದಪ್ಪ ಕವಚ) ಹಾಕದೆ ಮುಟ್ಟಬೇಡಿ. ಗಾಳಿಗೆ ಬುಡಸಮೇತ ಬಿದ್ದ ಹಲಸು ಕೊಯ್ಯೋವಾಗ ಬುಡದ ಬೇರಿನ ಗೋಡೆ ಹತ್ರ ಯಾರೂ ನಿಲ್ಲಬಾರದು, ಕಾಂಡ ಬೇರೆಯಾದ ಕೂಡಲೇ ಅದು ತಟ್ಟನೆ ಎದ್ದು ಹಿಂದಕ್ಕೆ ಕೂತ್ಕೊಳತ್ತೆ. ನಿಂತ ಮರ ಆದ್ರೆ ನಿಮ್ಮ ತೋಟದ್ದೇ ಆದ್ರೂ ಗೋವಾದ 1984ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಟ್ರೀ ಆಫೀಸರ್ ಪರ್ಮಿಷನ್ ಬೇಕು. ಬಿದ್ದ ಮರಕ್ಕೂ ಮೊದಲು ಫೋಟೋ ತೆಗೆದು ಫಾರೆಸ್ಟ್ ಆಫೀಸಿಗೆ ತಿಳಿಸಿ ಆಮೇಲೆ ಕೊಯ್ಯಿರಿ, ನಾವು ಹಾಗೇ ಮಾಡೋದು.

ಕುಳಾಗರ_ಫೋಂಡಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಹೇಳ್ತೀರಿ ಅಂದ್ಕೊಂಡಿರ್ಲಿಲ್ಲ. ಪಕ್ಕದ ಮನೆ ಅಜ್ಜಿಯ ಹಳೇ ಬಿಪಿ ಸಾಧನ ಇಸ್ಕೊಂಡು ಟೆಸ್ಟ್ ಮಾಡಿದೆ. 300ಕ್ಕೆ ಏರಿಸೋದೇ ಕಷ್ಟ ಆಯ್ತು, ಬಲ್ಬ್ ಬಿಟ್ಟ ಕೂಡಲೇ ಮುಳ್ಳು ಸರ್ರಂತ ಇಳೀತು. ಫ್ಲೈವೀಲ್ ತೆಗೆದು ಸೋಪ್ ನೀರು ಹಚ್ಚಿದ್ರೆ ಶಾಫ್ಟ್ ಸುತ್ತ ಒಂದು ಕಡೆಯಿಂದ ದೊಡ್ಡ ದೊಡ್ಡ ಗುಳ್ಳೆ, ಸೀಲಿನ ತುಟಿ ಕಾಲು ಭಾಗ ಇಲ್ಲವೇ ಇಲ್ಲ, ಉಳಿದದ್ದು ಕಲ್ಲಿನ ಹಾಗಿದೆ. ಕ್ಲಚ್ ಕಡೆ ಗುಳ್ಳೆ ಬರ್ಲಿಲ್ಲ, ಬುಡದ ಗ್ಯಾಸ್ಕೆಟ್ಟೂ ಸರಿ ಇದೆ. ಸಿಲಿಂಡರ್ ಬಿಚ್ಚಿ ಆಸಿಡ್ ಹನಿ ಇಟ್ಟೆ, ಸೈಲೆನ್ಸರ್ ಕಡೆ ನೊರೆ ಬಂತು, ನೊರೆ ನಿಂತ ಮೇಲೆ ತೊಳೆದು ನೋಡಿದ್ರೆ ಕೆಳಗೆ ಕ್ರೋಮ್ ಕನ್ನಡಿ ಹಾಗೇ ಇದೆ, ಉಗುರು ಎಲ್ಲೂ ತಡೆಯಲ್ಲ. ತುಂಬಾ ಖುಷಿ ಆಯ್ತು. ಪಿಸ್ಟನ್ ಮಾತ್ರ ಹೋಗಿದೆ, ರಿಂಗ್ ಒಂದು ತನ್ನ ತೋಡಿನಲ್ಲೇ ಅಂಟ್ಕೊಂಡು ಕೂತಿದೆ. ಬೇರಿಂಗ್ ಕೈಗೆ ನುಣುಪಾಗಿ ತಿರುಗ್ತಿದೆ. ಕಾರ್ಬೊರೇಟರ್ ಎಚ್‌ಎಲ್ಲೇ, ಡಯಾಫ್ರಾಮ್ ಹೇಳಿದ ಹಾಗೇ ಗಡುಸು. ಚೈನ್ ಅಳೆದೆ, 404.

ಸೀಲಿನ ಅಳತೆ ಕುರ್ಲಾದವರಿಗೆ ಮೆಸೇಜ್ ಮಾಡಿದ್ದೀನಿ. ಕ್ಲಚ್ ಕಡೆಯದ್ದು ಈಗ ಸರಿ ಇದೆ ಅಂದ್ರೆ ಬಿಡಬಹುದಾ ಅಥವಾ ಬದಲಿಸಬೇಕಾ?

ಕುರ್ಲಾ_ಕುಡ್ಲ

ಎರಡೂ ಬದಲಿಸಿ, ಕೇಳುವುದೇ ಬೇಡ. ಒಂದೇ ವಯಸ್ಸಿನ ರಬ್ಬರ್, ಇವತ್ತು ಸುಮ್ಮನಿದ್ದದ್ದು ಹೊಸ ಪಿಸ್ಟನ್ ಹಾಕಿದ ಮೇಲೆ ಬಾಯಿ ಬಿಟ್ಟರೆ ಮತ್ತೆ ಪೂರ್ತಿ ಬಿಚ್ಚಬೇಕು. ಅಳತೆ ಸಿಕ್ಕಿತು, ಕ್ಲಚ್ ಕಡೆಯದ್ದೂ ಕಳಿಸಿ, ಶನಿವಾರ ನಾಗದೇವಿಗೆ ಹೋಗಿ ವಿಟಾನ್ ನೋಡ್ತೇನೆ. ಮಡಗಾಂವಿಗೆ ರೈಲಲ್ಲಿ ಬರುವ ನಮ್ಮವರು ಯಾರಾದರೂ ಇದ್ದೇ ಇರ್ತಾರೆ, ಕೈಯಲ್ಲಿ ಕೊಟ್ಟು ಕಳಿಸುವ. ಕೂರಿಸುವಾಗ ತುಟಿಗೆ ಎಣ್ಣೆ ಹಚ್ಚಿ, ಶಾಫ್ಟಿನ ಅಂಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಅದರ ಮೇಲಿಂದ ಜಾರಿಸಿ, ಇಲ್ಲದಿದ್ದರೆ ಕೀ ಕೂರುವ ತೋಡಿನ ಅಂಚು ಹೊಸ ತುಟಿಯನ್ನೇ ಕೊಯ್ತದೆ.

ಭೋಸರಿ_ಲೇಥ್

ಸಿಲಿಂಡರ್ ಉಳೀತಲ್ಲ, ಭಾಳ ಚಲೋ ಆತು. ಪಿಸ್ಟನ್ 58 ಎಂಎಂದ ತರಸ್ರಿ, 66 ಅಂತ ಬಂದ್ರ ಅದು 090ದ್ದು, ವಾಪಸ್ ಕಳಸ್ರಿ. ಎಲ್ಲಾ ಕೂಡಿಸಿದ ಮ್ಯಾಲ ಹಗ್ಗ ಎಳಿಯೂಕಿಂತ ಮೊದಲ ಅದ ಬಿಪಿ ಟೆಸ್ಟ್ ಮತ್ತೊಮ್ಮೆ ಮಾಡ್ರಿ, ಮುಳ್ಳು ನಿಂತ ಜಾಗದಾಗ ನಿಲ್ಲಬೇಕು. ಪೆಟ್ರೋಲಿಗೆ ಸಾದಾ ಟೂ ಸ್ಟ್ರೋಕ್ ಎಣ್ಣಿ ಇದ್ರ ಒಂದಕ್ಕ ಇಪ್ಪತ್ತೈದು, ಅಂದ್ರ ಲೀಟರಿಗೆ 40 ಎಂಎಲ್. ಎಚ್ ಸ್ಕ್ರೂ (ಪೂರ್ತಿ ವೇಗದ್ದು) ಎಲ್ ಸ್ಕ್ರೂ ಎರಡೂ ಮೆಲ್ಲಕ ಕೂಡೂ ತನಕ ತಿರುವಿ, ಅಲ್ಲಿಂದ ಒಂದೊಂದು ಸುತ್ತು ಹಿಂದಕ ಇಟ್ಟು ಶುರು ಮಾಡ್ರಿ. ಪೂರ್ತಿ ಆಕ್ಸಲೇಟರ್ ಒಳಗ ಸ್ವಲ್ಪ ಗುರುಗುಟ್ಟಿ ತಡವರಿಸೂ ಹಂಗ ಎಚ್ ಬಿಡ್ರಿ, ಮರಕ್ಕ ಹಚ್ಚಿದ ಕೂಡ್ಲೆ ಆ ತಡವರಿಕಿ ಹೋಗಿ ಸ್ವಚ್ಛ ಆದ್ರ ಸರಿ ಅಂತ ತಿಳೀರಿ. ತೀಕ್ಷ್ಣ ಕಿರುಚಾಕತ್ತಿದ್ರ ಲೀನ್ ಐತಿ, ತಕ್ಷಣ ಬಂದ್ ಮಾಡ್ರಿ. ಮೊದಲ ಟಾಕಿ ಪೆಟ್ರೋಲ್ ಮುಗಿಯೂ ತನಕ ಸಣ್ಣ ಕಟ್ಟಿಗಿ ಕೊಯ್ರಿ, ಹಲಸಿನ ಬುಡಕ್ಕ ಆಮ್ಯಾಲ ಹೋಗ್ರಿ. ಲೂನಾ ಕಂಡೆನ್ಸರ್ ನಾನಾ ಪೇಟೆದಾಗ ನಾ ತಂದಿಡ್ತೀನಿ, ಬೇಕಾದ್ರ ಸೀಲಿನ ಕೂಡ ಸೇರಸೋಣ.